ಸಮಸ್ಯೆ: ಮಾತನಾಡದ ದೊರೆಯೆ ಕಡೆಗೂ ಮಾತು ಮುರಿದನಲಾ

ಕೊಟ್ಟ ಸಾಲಿಗೆ ಉಳಿದ ಸಾಲು ಕಟ್ಟಿ ಪದ್ಯ ಪೂರ್ತಿ ಮಾಡುವ ಆಟ ಇದು; ಕೊಟ್ಟ ಸಾಲು ಸಮಸ್ಯೆ, ಕಟ್ಟಿದ್ದು ಪೂರಣ. ಈ ಸಲ ಭಾಮಿನಿಯ (ಆರು ಸಾಲಿನ ಷಟ್ಪದಿಗಳಲ್ಲಿ ಒಂದು) ಕೊನೆಯ ಸಾಲು ಕೊಟ್ಟಿದ್ದೇನೆ. ಆದಿಪ್ರಾಸ ತಕಾರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ‘ತ್’ ಬರಬೇಕು; ಮೊದಲಕ್ಷರ ಗುರು, ಅಂದರೆ ಎಳೆದು ಹೇಳುವಂಥದ್ದು. ಮಾತೇ ಆಡದವನು ಮಾತು ಮುರಿಯೋದು ಹೇಗೆ?

ಸಾಲು ಹೊಳೆದದ್ದು ಮರೀ ಬಾಷ್ಕಿರ್ತ್ಸೆಫ್ ದಿನಚರಿಯಿಂದ. ಈಗಿನ ಉಕ್ರೇನಿನ ಪೊಲ್ಟಾವಾ ಕಡೆಯ ಜಮೀನ್ದಾರರ ಮನೆ ಹುಡುಗಿ. 1873ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿದ್ದಳು, ವಯಸ್ಸು 14. ಅಲ್ಲಿಗೆ ಬರುತ್ತಿದ್ದ ಹ್ಯಾಮಿಲ್ಟನ್ ಡ್ಯೂಕನಿಗೆ (ಸ್ಕಾಟ್ಲೆಂಡಿನ ದೊಡ್ಡ ಮನೆತನದ ಶ್ರೀಮಂತ) ದೂರದಿಂದ ನೋಡಿಯೇ ಮನಸ್ಸು ಕೊಟ್ಟಳು. ಅವನನ್ನೇ ಕೊಡು ಅಂತ ದೇವರನ್ನು ಬೇಡಿದಳು, ಎಲ್ಲವನ್ನೂ ಫ್ರೆಂಚಿನಲ್ಲಿ ಬರೆದಿಟ್ಟಳು. ಅಕ್ಟೋಬರಿನಲ್ಲಿ ಒಂದು ದಿನ ಪಾಠ ಹೇಳುವ ಇಂಗ್ಲಿಷ್ ಟೀಚರ್ ಸುಮ್ನೆ ಮಾತಿಗೆ ಡ್ಯೂಕನ ಮದುವೆ ಸುದ್ದಿ ಎತ್ತಿದಳು. ಕೆಂಪಾದ ಮುಖ ಕಾಣದ ಹಾಗೆ ಹುಡುಗಿ ಪುಸ್ತಕವನ್ನು ಹತ್ತಿರ ಹಿಡಿದಳು. ಡಿಸೆಂಬರಿನಲ್ಲಿ ಮದುವೆ ಆಗಿಯೇ ಹೋಯಿತು.

ಎಳೆತನದ ಹುಚ್ಚು ಅಂತ ದಯವಿಟ್ಟು ನಗಬೇಡಿ. ಆ ನೋವು ನಿಜ. ನನ್ನ ಪೂರಣ:

ಆತನೇರಿದ ಬಂಡಿ ಬರುವುದ
ಕೂತು ನೋಡುತ ಕಡಲ ತೀರದಿ
ಕಾತರದಿ ದಿನಚರಿಯ ಪುಟದಲಿ ಮದುವೆ ಮುಗಿಸಿದಳು
ಮಾತಿನೆಡೆಯಲಿ ಪಾಠದಾಕೆಯು
ಆತನಿಗೆ ಲಗ್ನವಿದೆಯೆಂದಳು
ಮಾತನಾಡದ ದೊರೆಯೆ ಕಡೆಗೂ ಮಾತು ಮುರಿದನಲಾ

ಪೂರಣ 2 (ಬಳಗದ ಸದಸ್ಯೆಯೊಬ್ಬರಿಂದ)

ಸರ್, ಡ್ಯೂಕ್ ಅವಳಿಗೆ ಏನೂ ಹೇಳಿರಲಿಲ್ಲ, ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರಲಿಲ್ಲ. ದೊರೆಯ ಜಾಗದಲ್ಲಿ ದೇವರನ್ನು ಕೂರಿಸಿದ್ದೇನೆ.

ಸೋತ ಮನದಲಿ ನಿತ್ಯ ರಾತ್ರಿಯು
ಜೋತುಬಿದ್ದಳು ದೇವರಡಿಗೇ
ಆತನನೆ ಕೊಡು ತಂದೆ ನನಗೇ, ಬೇರೆ ಬೇಡೆಂದು
ಪ್ರೀತಿಯಿಂದಲೆ ಕೊಡುವನೆನ್ನುತ
ಕಾತರಿಸುತಿರೆ ಬಂತು ಸುದ್ದಿಯು
ಮಾತನಾಡದ ದೊರೆಯೆ ಕಡೆಗೂ ಮಾತು ಮುರಿದನಲಾ

ಮೇಡಂ, ಭಲೇ! ಗಂಟು ಬಿಚ್ಚಿದ್ದು ನೀವು. ಡ್ಯೂಕನಿಗೆ ಅವಳಿದ್ದಾಳೆ ಅನ್ನೋದೇ ಲೆಕ್ಕಕ್ಕಿರಲಿಲ್ಲ. ಅವಳು ಕೇಳಿದ್ದು ದೇವರನ್ನ, ಹಾಗಾಗಿ ಸಿಟ್ಟೂ ದೇವರ ಮೇಲೆಯೇ ಬರಬೇಕು. ‘ಬೇರೆ ಬೇಡೆಂದು’ ಅನ್ನುವಲ್ಲಿ ಮಗುವಿನ ಹಟ ಕಿವಿಗೆ ಬೀಳುತ್ತೆ. ‘ಸುದ್ದಿಯು’ ಮಾತ್ರ ಮಾತ್ರೆ (ಸಾಲಿನ ಉಚ್ಚಾರದ ಅಳತೆ) ತುಂಬಲು ಬಂದ ಹಾಗಿದೆ, ಇನ್ನೊಮ್ಮೆ ನೋಡಿ.

ಇದೇ ಹುಡುಗಿ ಮುಂದೆ ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತು ಹೆಸರು ಮಾಡಿದಳು. 1884ರಲ್ಲಿ, 25ಕ್ಕೇ ಕ್ಷಯದಿಂದ ತೀರಿಕೊಂಡಳು. ದಿನಚರಿ ಅಚ್ಚಾದದ್ದು 1887ರಲ್ಲಿ.

ಮುಂದಿನವರು ಯಾರಾದರೂ ಆ ಟೀಚರ್ ಬಾಯಲ್ಲಿ ಬರೆಯಿರಿ. ಎದುರಿಗೇ ಕೂತಿದ್ದವಳಿಗೆ ಏನೂ ಗೊತ್ತಾಗಲಿಲ್ವಾ? ಬೇರೆ ಷಟ್ಪದಿ ಬೇಡ, ಭಾಮಿನಿಯಲ್ಲೇ ಇರಲಿ.