ಜರ್ಮನಿ ಬ್ಲೂ ಕಾರ್ಡ್: 45,500 ಯೂರೊ ಸಂಬಳಕ್ಕೆ ಸಿಗುತ್ತದೆಯೇ?

ಗೇರ್‌ಬಾಕ್ಸ್:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಏಳು ವರ್ಷದಿಂದ ಡಿಸೈನ್ ಎಂಜಿನಿಯರ್ ಆಗಿದ್ದೇನೆ. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಕಂಪನಿಯೊಂದರಿಂದ ಕಳೆದ ವಾರ ಆಫರ್ ಬಂತು. ವರ್ಷಕ್ಕೆ 45,500 ಯೂರೊ, 2026ರ ಮಾರ್ಚ್ 1ಕ್ಕೆ ಸೇರಬೇಕು. ಯುರೋಪಿನ ಹೊರಗಿನವರನ್ನು ಅವರು ಇದುವರೆಗೆ ಕೆಲಸಕ್ಕೆ ತೆಗೆದುಕೊಂಡಿಲ್ಲ. ಏನೇನು ಕಾಗದ ಬೇಕು ಎಂದು ಎಚ್‌ಆರ್‌ನವರು ನನ್ನನ್ನೇ ಕೇಳುತ್ತಿದ್ದಾರೆ! ಬ್ಲೂ ಕಾರ್ಡ್‌ಗೆ (ಪದವೀಧರರಿಗೆ ಅಲ್ಲಿ ಕೊಡುವ ಕೆಲಸದ, ವಾಸದ ಪರವಾನಗಿ) ವರ್ಷಕ್ಕೆ 48,300 ಯೂರೊ ಸಂಬಳ ಬೇಕು ಅಂತ ಒಂದು ಕಡೆ ಓದಿದೆ, 43,759 ಸಾಕು ಅಂತ ಇನ್ನೊಂದು ಕಡೆ. ಯಾವುದು ಸರಿ? ನನ್ನ ನೋಟಿಸ್ ಅವಧಿ 90 ದಿನ. ಈಗಲೇ ರಾಜೀನಾಮೆ ಕೊಡಲೇ? ಹೆಂಡತಿ, ನಾಲ್ಕು ವರ್ಷದ ಮಗಳು ಜೊತೆಗೆ ಬರಬೇಕು. ರಾತ್ರಿ ನಿದ್ದೆ ಬರುತ್ತಿಲ್ಲ.

ದಾರಿಹೋಕ:
ಏಜೆಂಟ್ ಹಿಡಿಯಿರಿ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಬೇಕು ಅಂತಿದ್ದೇನೆ.

ನೆಕ್ಕಾರ್ ತೀರ:
ಏಜೆಂಟ್ ಬೇಡ. ಕೆಲಸದ ಆಫರ್ ಕೈಯಲ್ಲಿದ್ದವರಿಗೆ ಅವರು ಮಾಡಿಕೊಡುವಂಥದ್ದು ಏನೂ ಉಳಿದಿರುವುದಿಲ್ಲ. ನಾನು ಪೈಪಿಂಗ್ ಎಂಜಿನಿಯರ್, 2022ರಲ್ಲಿ ಬಂದವಳು, ಎಲ್ಲವನ್ನೂ ನಾನೇ ಮಾಡಿಕೊಂಡೆ.

ನೀವು ಓದಿದ ಎರಡು ಅಂಕಿಯೂ ಸರಿಯೇ, ಆದರೆ ಎರಡೂ 2025ರವು. ದೊಡ್ಡದು ಸಾಮಾನ್ಯ ಮಿತಿ. ಚಿಕ್ಕದು ಜನ ಸಾಲದ ವೃತ್ತಿಗಳಿಗೆ, ಮತ್ತು ಪದವಿ ಮುಗಿಸಿ ಮೂರು ವರ್ಷ ದಾಟದವರಿಗೆ. ಎಂಜಿನಿಯರ್ ಕೆಲಸ ಆ ಕೊರತೆಯ ಪಟ್ಟಿಯಲ್ಲಿದೆ, ಹಾಗಾಗಿ ನಿಮಗೆ ಅನ್ವಯಿಸುವುದು ಚಿಕ್ಕದೇ. ಆದರೆ ಜನವರಿ 1ಕ್ಕೆ ಮಿತಿ ಏರುತ್ತದೆ: 2026ಕ್ಕೆ ಸಾಮಾನ್ಯ ಮಿತಿ 50,700 ಯೂರೊ, ಕೊರತೆಯ ವೃತ್ತಿಗೆ 45,934.20. ನಿಮ್ಮ ಆಫರ್ ಅಲ್ಲಿಗೆ 434 ಯೂರೊ ಕಡಿಮೆ ಬೀಳುತ್ತದೆ. ಸಂಕೋಚ ಮಾಡಿಕೊಳ್ಳದೆ ಇವತ್ತೇ ಎಚ್‌ಆರ್‌ಗೆ ಬರೆದು 46,000ದ ಮೇಲೆ ಮಾಡಿಕೊಡಿ ಎಂದು ಕೇಳಿ. ತಿಂಗಳಿಗೆ ನಲವತ್ತು ಚಿಲ್ಲರೆ ಯೂರೊಗಾಗಿ ಯಾರೂ ಎಂಜಿನಿಯರ್‌ನನ್ನು ಬಿಡುವುದಿಲ್ಲ. ಹೆಚ್ಚಿಸಿದ ಮೊತ್ತ ಒಪ್ಪಂದದಲ್ಲಿ ಖಚಿತ ಸಂಬಳವಾಗಿಯೇ ಇರಬೇಕು. ಸಿಕ್ಕರೂ ಸಿಗಬಹುದು ಎಂಬಂಥ ಬೋನಸ್ ಲೆಕ್ಕಕ್ಕೆ ಬರುವುದಿಲ್ಲ. ಅವರು ಒಪ್ಪದಿದ್ದರೂ ದಾರಿ ಮುಚ್ಚುವುದಿಲ್ಲ. ಪದವೀಧರರಿಗೆ ಜರ್ಮನಿಯ ವಾಸ ಕಾನೂನಿನ 18ಬಿ ಕಲಂ ಅಡಿ ಬೇರೆ ಪರವಾನಗಿ ಇದೆ. ನಿಮ್ಮ ವಯಸ್ಸಿನವರಿಗೆ ಅದರಲ್ಲಿ ಇಷ್ಟೇ ಸಂಬಳ ಇರಬೇಕೆಂಬ ಗೆರೆ ಇಲ್ಲ. ಅದೇ ಕೆಲಸಕ್ಕೆ ಅಲ್ಲಿನವರಿಗೆ ಕೊಡುವಷ್ಟು ಕೊಡುತ್ತಿದ್ದಾರೆಯೇ ಎಂದು ಉದ್ಯೋಗ ಇಲಾಖೆ ನೋಡುತ್ತದೆ, ಅಷ್ಟೇ.

ಚಿಕ್ಕ ಮಿತಿಯ ಬ್ಲೂ ಕಾರ್ಡ್‌ಗೂ ಆ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕೆ ಕಂಪನಿ ತುಂಬಬೇಕಾದ ಒಂದು ನಮೂನೆ ಇದೆ, ಹೆಸರು 'ಎರ್‌ಕ್ಲೇರುಂಗ್ ತ್ಸುಂ ಬೆಶೆಫ್ಟಿಗುಂಗ್ಸ್‌ಫೆರ್‌ಹೆಲ್ಟ್‌ನಿಸ್'. ಎಚ್‌ಆರ್‌ಗೆ ಈ ಹೆಸರು ಹೇಳಿ ಸಾಕು, ಉಳಿದದ್ದು ಅವರಿಗೇ ಗೊತ್ತಾಗುತ್ತದೆ. ಕೆಲಸದ ವಿವರಣೆ ಎರಡು ಸಾಲಿನಲ್ಲಿ ಮುಗಿಸದಂತೆ ನೋಡಿಕೊಳ್ಳಿ. ಏನು ಡಿಸೈನ್ ಮಾಡುತ್ತೀರಿ, ಅದಕ್ಕೆ ನಿಮ್ಮ ಪದವಿ ಏಕೆ ಬೇಕು ಅನ್ನುವುದು ಓದಿದವರಿಗೆ ತಿಳಿಯಬೇಕು.

ನಂತರ ಪದವಿ. ವಿದೇಶಿ ಪದವಿಗಳ ಅನಾಬಿನ್ ಎಂಬ ಜರ್ಮನ್ ಡೇಟಾಬೇಸ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ 'ಎಚ್ ಪ್ಲಸ್', ಅಂದರೆ ಮಾನ್ಯತೆ ಇದೆ ಎಂಬ ಗುರುತು, ಇರಬೇಕು, ನಿಮ್ಮ ಪದವಿಗೂ ಜರ್ಮನ್ ಪದವಿಗೆ ಸಮ ಎಂಬ ನಮೂದು ಇರಬೇಕು. ಎರಡೂ ಸಿಕ್ಕರೆ ಆ ಪುಟಗಳನ್ನು ಪ್ರಿಂಟ್ ಮಾಡಿ ಅರ್ಜಿಗೆ ಸೇರಿಸಿ. ಒಂದು ಸಿಗದಿದ್ದರೂ ಬಾನ್‌ನಲ್ಲಿರುವ, ವಿದೇಶಿ ಪದವಿಗಳನ್ನು ಪರಿಶೀಲಿಸುವ ಕಚೇರಿಯಾದ ಜ಼ಡ್‌ಎಬಿಯಿಂದ ಹೋಲಿಕೆ ಪತ್ರ ತರಿಸಬೇಕು, ಶುಲ್ಕ 208 ಯೂರೊ.

ನಾನು ಎಡವಿದ್ದು ಇದ್ಯಾವುದರಲ್ಲೂ ಅಲ್ಲ, ಹೆಸರಿನಲ್ಲಿ. ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಮುಂದೆ ಒಂದೇ ಒಂದು ಇನಿಶಿಯಲ್. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ. ನಮಗೆ ಅದು ಒಬ್ಬಳೇ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ, ಫೈಲ್ ನೋಡುವವರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ವಿವರಣೆ ಕೇಳಿ ಪತ್ರ ಬಂತು, ಅಫಿಡವಿಟ್ ಮಾಡಿಸಿ ಕಳಿಸುವಷ್ಟರಲ್ಲಿ ಐದು ವಾರ ಹೋಯಿತು. ನಿಮ್ಮ ಕಾಗದಗಳನ್ನೆಲ್ಲ ಇವತ್ತು ರಾತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ.

ವೀಸಾ ಕೈಗೆ ಬರುವವರೆಗೆ ರಾಜೀನಾಮೆ ಖಂಡಿತ ಬೇಡ. ಸೇರುವ ದಿನ ಮುಂದೆ ಹಾಕಲು ಕೇಳಿ, ಕೊಡುತ್ತಾರೆ. ಅಲ್ಲಿ ಮೂರು ತಿಂಗಳ ನೋಟಿಸ್ ಹೊಸದಲ್ಲ.

ಗೇರ್‌ಬಾಕ್ಸ್:
ಅಕ್ಕ, ಎಚ್‌ಆರ್ ಉತ್ತರ ಬಂತು. 46,200 ಒಪ್ಪಿದರು, ಸೇರುವುದು ಜೂನ್ 1! ನನ್ನ ಹೆಸರು ಎಲ್ಲ ಕಡೆ ಒಂದೇ ಇದೆ. ಹೆಂಡತಿ ಜರ್ಮನ್ ಪರೀಕ್ಷೆ ಪಾಸಾಗಬೇಕೇ? ಅಲ್ಲಿಗೆ ಹೋದ ಮೇಲೆ ಮೊದಲು ಏನು ಮಾಡಬೇಕು?

ನೆಕ್ಕಾರ್ ತೀರ:
ತುಂಬಾ ಖುಷಿಯಾಯಿತು. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ಭಾಷಾ ಪರೀಕ್ಷೆ ಕೇಳುವುದಿಲ್ಲ. ಬಂದ ಮೇಲೆ ಅವರು ಯಾವ ಕೆಲಸ ಬೇಕಾದರೂ ಮಾಡಬಹುದು. ಆದರೂ ಇಬ್ಬರೂ ಈಗಲೇ ಜರ್ಮನ್ ಕಲಿಯಲು ಶುರು ಮಾಡಿ. ನೀವು ಜರ್ಮನ್‌ನಲ್ಲಿ ಬಿ1, ಅಂದರೆ ಮಧ್ಯಮ ಮಟ್ಟ ಮುಟ್ಟಿದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಆರಂಭಿಕ ಮಟ್ಟದ ಜರ್ಮನ್ ಮಾತ್ರ ಇದ್ದರೆ 27.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು, ಹಾಗಾಗಿ ಅದನ್ನು ಕೊಡಲು ಒಪ್ಪದ ಮನೆ ಹಿಡಿಯಬೇಡಿ. ಮೊದಲ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಅಂಚೆಯವರು ನೋಡುವುದು ಪೆಟ್ಟಿಗೆ ಮೇಲಿನ ಹೆಸರನ್ನು. ನನ್ನ ಪೆಟ್ಟಿಗೆ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಇತ್ತು, ಪರವಾನಗಿ ಕಾರ್ಡ್‌ಗೆ ಬರಬೇಕಿದ್ದ ಅಪಾಯಿಂಟ್‌ಮೆಂಟ್ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಆಮೇಲೆ ನೋಟ್‌ಬುಕ್ ಹಾಳೆ ಹರಿದು, ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಟೇಪ್ ಹಾಕಿದೆ. ಎರಡು ವರ್ಷ ಅದೇ ಹಾಳೆ ಇತ್ತು.

ಇನ್ನೊಂದು ಮಾತು. ಮಗಳ ಜನನ ಪ್ರಮಾಣಪತ್ರ ತೆಗೆದು ಅವಳ ಹೆಸರು ಅದರಲ್ಲಿ ಬರೆದಿದೆಯೇ ನೋಡಿ. ನಾಮಕರಣಕ್ಕೆ ಮೊದಲೇ ಮಾಡಿಸಿದ ಪತ್ರವಾದರೆ ಆ ಜಾಗ ಖಾಲಿ ಇರುತ್ತದೆ.

ಗೇರ್‌ಬಾಕ್ಸ್:
ಈಗಷ್ಟೇ ಬೀರು ತೆಗೆದು ನೋಡಿದೆ. ಖಾಲಿ ಇದೆ. ನಾಳೆ ಬೆಳಿಗ್ಗೆಯೇ ನೋಂದಣಿ ಕಚೇರಿಗೆ ಹೋಗುತ್ತೇನೆ.