ಹೊರಗೆ ಕೂತು ತೆಂಗಿನ ಮರದ ತೈಲಚಿತ್ರ: ಗರಿ ಪೊರಕೆಯಂತೆ ಕಾಣದಿರಲು ಏನು ಮಾಡಬೇಕು?

ಪ್ರಶ್ನೆ

ಹವ್ಯಾಸಕ್ಕಾಗಿ ತೈಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಫೋಟೊ ನೋಡಿ ಬರೆಯುವುದನ್ನು ಬಿಟ್ಟು, ಮರದ ಎದುರೇ ಈಸಲ್ (ಬೋರ್ಡ್ ಇಡುವ ಮೂರು ಕಾಲಿನ ಚೌಕಟ್ಟು) ನಿಲ್ಲಿಸಿ ತೆಂಗು ಬರೆಯಲು ಶುರು ಮಾಡಿದ್ದೇನೆ. ಬೋರ್ಡ್ 9×12 ಇಂಚು. ಮೂರು ಕಡೆ ಎಡವುತ್ತಿದ್ದೇನೆ. ಗರಿಗಳು ಪೊರಕೆ ಕಟ್ಟಿಟ್ಟ ಹಾಗೆ ಕಾಣುತ್ತವೆ. ಆಕಾಶದ ಮೇಲೆ ಗರಿ ಎಳೆದರೆ ಹಸಿರು ಸುಣ್ಣ ಕಲಸಿದಂತೆ ಬೆಳ್ಳಗಾಗುತ್ತದೆ. ಅಲ್ಲಿ ಚೆನ್ನಾಗಿ ಕಂಡ ಚಿತ್ರವನ್ನು ಒಳಗೆ ತಂದರೆ ಕಪ್ಪು ಮುಸುಕಿದಂತಿರುತ್ತದೆ. ಬಲ್ಲವರು ಬಣ್ಣದ ಹೆಸರು, ಬ್ರಷ್ ನಂಬರ್ ಸಮೇತ ತಿಳಿಸಿದರೆ ಉಪಕಾರ.

ಉತ್ತರ 1

ಪೊರಕೆಯಾಗುವುದು ಬ್ರಷ್‌ನಿಂದಲ್ಲ, ನೋಡುವ ಕ್ರಮದಿಂದ. ಗರಿ ಅಂದಕೂಡಲೇ ಕೈ ಒಂದೊಂದೇ ಎಲೆ ಎಳೆಯಲು ಹೊರಡುತ್ತದೆ. ಚೆನ್ನಾಗಿ ಬೆಳೆದ ತೆಂಗಿನ ತಲೆಯಲ್ಲಿ 30ರ ಆಸುಪಾಸು ಗರಿ, ಒಂದು ಗರಿಯಲ್ಲಿ 200ರಷ್ಟು ಎಲೆ. ನಿಮ್ಮ ಬೋರ್ಡಿನಲ್ಲಿ ಅಷ್ಟಕ್ಕೆ ಜಾಗವೇ ಇಲ್ಲ. ಏಳರಿಂದ ಒಂಬತ್ತು ಗರಿ ಆರಿಸಿಕೊಳ್ಳಿ, ಉಳಿದದ್ದೆಲ್ಲ ಗಾಢ ಹಸಿರಿನ ಒಂದೇ ಮುದ್ದೆ.

ಆರಿಸುವಾಗ ವಯಸ್ಸು ನೋಡಿ ಆರಿಸಿ. ಎಲ್ಲ ಗರಿಯೂ ಹುಟ್ಟುವುದು ಒಂದೇ ಸುಳಿಯಿಂದ. ನಡುವಿನ ಸುಳಿ ಬಿಚ್ಚದೆ ಈಟಿಯಂತೆ ನೆಟ್ಟಗಿರುತ್ತದೆ, ಈಚೆಗೆ ಬಿಚ್ಚಿದವು ಮೇಲಕ್ಕೆ ಚಾಚಿರುತ್ತವೆ, ನಡುವಯಸ್ಸಿನವು ಅಡ್ಡಕ್ಕೆ ಹೋಗಿ ತುದಿಯಲ್ಲಿ ಬಾಗುತ್ತವೆ, ಹಳೆಯವು ಕಾಂಡದ ಪಕ್ಕಕ್ಕೆ ಜೋತುಬೀಳುತ್ತವೆ. ಪ್ರತಿ ವಯಸ್ಸಿನದೂ ಒಂದೆರಡು ಇದ್ದರೆ ತಲೆ ತಾನೇ ಗುಂಡಗಾಗುತ್ತದೆ. ಎಲ್ಲವನ್ನೂ ಅಡ್ಡ ಚಾಚಿದ ಗರಿಯನ್ನಾಗಿ ಬರೆದರೆ ಬಿಚ್ಚಿಟ್ಟ ಕೊಡೆಯಾಗುತ್ತದೆ. ಪೆನ್ಸಿಲಿನಲ್ಲಿ ಮೊದಲು ಸುಳಿಯ ಬುಡಕ್ಕೆ ಒಂದು ಚುಕ್ಕೆ ಇಟ್ಟು, ಪ್ರತಿ ಮಟ್ಟೆಯೂ ಅಲ್ಲಿಂದಲೇ ಹೊರಟಿದೆಯೇ ಎಂದು ನೋಡಿಕೊಳ್ಳಿ. ಈ ಒಂದು ಚುಕ್ಕೆ ಅರ್ಧ ತಪ್ಪುಗಳನ್ನು ತಡೆಯುತ್ತದೆ.

ಇನ್ನು ಒಂದೊಂದು ಗರಿ. 6 ನಂಬರ್ ಚಪ್ಪಟೆ ಹಂದಿಗೂದಲಿನ ಬ್ರಷ್‌ನ ಅಂಚಿನಲ್ಲಿ ನಡುದಿಂಡನ್ನು ಒಂದೇ ಎಳೆತಕ್ಕೆ ಬರೆಯಿರಿ, ಬುಡದಿಂದ ತುದಿಗೆ. ಬುಡದಲ್ಲಿ ಬಾಗು ಕಡಿಮೆ, ತುದಿಗೆ ಹೋದಂತೆ ಹೆಚ್ಚು. ಆಮೇಲೆ ಅದೇ ಬ್ರಷ್ ಮಲಗಿಸಿ ದಿಂಡಿನಿಂದ ಕೆಳಕ್ಕೆ ಅಗಲವಾಗಿ ಎಳೆಯಿರಿ. ಇಲ್ಲೇ ಗುಟ್ಟು ಇರುವುದು: ಅಡ್ಡ ಚಾಚಿದ ಗರಿಯ ಎರಡೂ ಬದಿಯ ಎಲೆಗಳು ತಮ್ಮ ಭಾರಕ್ಕೆ ಕೆಳಕ್ಕೆ ಇಳಿಬಿದ್ದಿರುತ್ತವೆ. ಪಕ್ಕದಿಂದ ನೋಡಿದರೆ ಮೇಲಂಚು ಒಂದೇ ಗೆರೆಯಂತೆ ನಯವಾಗಿ, ಕೆಳಂಚು ಹರಿದ ಅಂಚಿನಂತೆ ಕಾಣುತ್ತದೆ. ಎರಡೂ ಕಡೆ ಸಮನಾಗಿ ಹಲ್ಲು ಬಿಡಿಸಿದರೆ ಬಾಚಣಿಗೆ ಆಯಿತು. ಎಲೆಯ ಉದ್ದವೂ ಒಂದೇ ಅಲ್ಲ: ನಡುವೆ ಹೆಚ್ಚು ಉದ್ದ, ತುದಿಯಲ್ಲಿ ಗಿಡ್ಡ ಮತ್ತು ಮುಂದಕ್ಕೆ ವಾಲಿದ್ದು. ಬಿಡಿ ಎಲೆಗಳನ್ನು 2 ನಂಬರ್ ಬ್ರಷ್‌ನಲ್ಲಿ, ಗರಿಯ ತುದಿಯಲ್ಲಿ ಮತ್ತು ಹಿಂದೆ ಆಕಾಶ ಇಣುಕುವ ಕಡೆ ಮಾತ್ರ ಹಾಕಿ. ಒಂದು ಗರಿಗೆ ಹತ್ತು ಹನ್ನೆರಡು ಸಾಕು.

ನಿಮ್ಮತ್ತಲೇ ಚಾಚಿದ ಗರಿಯನ್ನು ಬಿಡಬೇಡಿ. ಅದು ಗಿಡ್ಡಕ್ಕೆ, ದಪ್ಪಕ್ಕೆ, ಮಡಚಿದ ಹಾಗೆ ಕಾಣುವುದರಿಂದ ಎಲ್ಲರೂ ತಪ್ಪಿಸಿಕೊಂಡು ಎಡಕ್ಕೂ ಬಲಕ್ಕೂ ಹೋದ ಗರಿಗಳನ್ನೇ ಬರೆಯುತ್ತಾರೆ. ಹಾಗೆ ಬರೆದ ಮರ ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗುತ್ತದೆ. ಮುಂದೆ ಬಂದ ಒಂದು ಗರಿ, ಅದು ಕಾಂಡದ ಮೇಲೆ ಬೀಳಿಸುವ ನೆರಳು, ಇವೆರಡಿದ್ದರೆ ಮರಕ್ಕೆ ಮೈ ಬರುತ್ತದೆ.

ಉತ್ತರ 2

ಹಸಿರಿನ ವಿಷಯ ಹೇಳುತ್ತೇನೆ. ಸುಣ್ಣದ ಬಣ್ಣ ಬರಲು ಎರಡು ಕಾರಣ. ಒಂದು, ಆಕಾಶಕ್ಕೆ ದಪ್ಪವಾಗಿ ಹಾಕಿದ ಟೈಟೇನಿಯಂ ವೈಟ್ ಹಸಿಯಾಗಿರುವಾಗಲೇ ಅದರ ಮೇಲೆ ಬ್ರಷ್ ಓಡಿಸುವುದು. ಎರಡು, ಹಸಿರನ್ನು ತಿಳಿ ಮಾಡಲು ಬಿಳಿ ಸೇರಿಸುವುದು. ಎರಡನೆಯದನ್ನು ನಿಲ್ಲಿಸಿದರೇ ಅರ್ಧ ಗೆದ್ದಂತೆ.

ತೆಂಗಿನ ಗರಿಯಲ್ಲಿ ಒಂದೇ ಹಸಿರಿಲ್ಲ, ಬೆಳಕು ಬರುವ ದಾರಿಗೆ ತಕ್ಕಂತೆ ಮೂರು ಹಸಿರುಗಳಿವೆ.

ಬಿಸಿಲು ಎಲೆಯ ಹಿಂದಿನಿಂದ ತೂರಿ ಬಂದರೆ ಹಳದಿ ತುಂಬಿದ ಉರಿಯುವ ಹಸಿರು: ನಿಂಬೆ ಹಳದಿ (ಕ್ಯಾಡ್ಮಿಯಂ ಲೆಮನ್) ನಾಲ್ಕು ಪಾಲಿಗೆ ಅಲ್ಟ್ರಾಮರೀನ್ ನೀಲಿ ಒಂದು ಪಾಲಿಗಿಂತ ಕಡಿಮೆ. ಇದಕ್ಕೆ ಬಿಳಿ ಬೇಡವೇ ಬೇಡ, ಹಾಕಿದ ತಕ್ಷಣ ಉರಿ ಆರಿಹೋಗುತ್ತದೆ. ಬಿಸಿಲು ಎಲೆಯ ಮೇಲ್ಮೈಗೆ ಬಿದ್ದರೆ, ಮೇಲ್ಮೈ ಹೊಳಪಿನದ್ದಾದ್ದರಿಂದ ಆಕಾಶವನ್ನೇ ಪ್ರತಿಫಲಿಸಿ ಬೂದುನೀಲಿಯಾಗಿ ಹೊಳೆಯುತ್ತದೆ. ಅಲ್ಲಿ ಮಾತ್ರ ಬಿಳಿ: ಬಿಳಿ, ಸ್ವಲ್ಪ ಅಲ್ಟ್ರಾಮರೀನ್, ಪ್ಯಾಲೆಟ್ (ಬಣ್ಣ ಕಲಸುವ ಹಲಗೆ) ಮೇಲಿರುವ ಯಾವುದಾದರೂ ಹಸಿರಿನ ಚೂರು. ನೆರಳಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು) ಸರಿಸುಮಾರು ಸಮ, ಅದಕ್ಕೆ ಒಂದಿಷ್ಟು ಹಳದಿ. ತಲೆಯ ಅಡಿಭಾಗಕ್ಕೆ ನೆಲದಿಂದ ಪುಟಿದ ಬೆಳಕು ಬೀಳುವುದರಿಂದ ಅಲ್ಲಿ ಯೆಲ್ಲೊ ಓಕರ್ (ಮಣ್ಣು ಹಳದಿ) ಸೇರಿಸಿ ಬೆಚ್ಚಗೆ ಮಾಡಿ. ಒಣಗಿದ ಗರಿ, ಮಟ್ಟೆ, ಹೊಂಬಾಳೆಗೆ ಓಕರ್ ಮತ್ತು ಬರ್ನ್ಟ್ ಸಿಯೆನ್ನಾ. ಹಸಿರಿನ ನಡುವೆ ಆ ಎರಡು ಕಂದು ಎಳೆತಗಳು ಬಿದ್ದರೆ ಹಸಿರಿಗೇ ಜೀವ ಬರುತ್ತದೆ.

ಥ್ಯಾಲೊ ಹಸಿರು ಬಳಸುತ್ತಿದ್ದರೆ ಗುಂಡುಸೂಜಿಯ ತಲೆಯಷ್ಟೇ ತೆಗೆದುಕೊಳ್ಳಿ, ಅದರ ಕಸುವು ಇಡೀ ಪ್ಯಾಲೆಟ್ಟನ್ನು ನುಂಗಿಬಿಡುತ್ತದೆ. ನನ್ನ ಸಲಹೆ ಹೊರಗೆ ಅದನ್ನು ಒಯ್ಯದಿರುವುದು. ನಿಂಬೆ ಹಳದಿ, ಓಕರ್, ಬರ್ನ್ಟ್ ಸಿಯೆನ್ನಾ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್, ಬಿಳಿ, ಈ ಆರು ಟ್ಯೂಬಿನಲ್ಲಿ ತೆಂಗಿನ ತೋಟವೇ ಬರುತ್ತದೆ.

ಉತ್ತರ 3

ಹಸಿ ಆಕಾಶದ ಸಮಸ್ಯೆಗೆ ಕೆಲಸದ ಕ್ರಮವನ್ನೇ ಬದಲಿಸಿ. ಬೋರ್ಡಿಗೆ ಮೊದಲೇ, ಮನೆಯಲ್ಲೇ, ಬರ್ನ್ಟ್ ಸಿಯೆನ್ನಾವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬಳಿದು ಒರೆಸಿ ಒಣಗಿಸಿಕೊಳ್ಳಿ. ಬಿಳಿ ಬೋರ್ಡ್ ಹೊರಗಿನ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆ, ಹಸಿರುಗಳ ಸಂದಿಯಲ್ಲಿ ಬಿಳಿ ಚುಕ್ಕೆ ಉಳಿಯುವುದಕ್ಕಿಂತ ಕೆಂಗಂದು ಉಳಿಯುವುದು ಚೆಂದ.

ಜಾಗಕ್ಕೆ ಹೋದ ಮೇಲೆ ತಲೆಯ ಗಾಢ ಮುದ್ದೆಯನ್ನೇ ಮೊದಲು ಹಾಕಿ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ಟರ್ಪೆಂಟೈನ್ ಬೇಗ ಆರುವುದರಿಂದ ಅದು ಸ್ವಲ್ಪದರಲ್ಲೇ ಬಿಗಿಯಾಗುತ್ತದೆ. ನಂತರ ಆಕಾಶವನ್ನು ಮುದ್ದೆಯ ಅಂಚಿಗೆ ತಂದು, ಗರಿಗಳ ನಡುವಿನ ಕಿಂಡಿಗಳನ್ನು ಆಕಾಶದ ಬಣ್ಣದಿಂದಲೇ ಕೆತ್ತಿ. ಗರಿಯನ್ನು ಬರೆಯುವುದಕ್ಕಿಂತ ಗರಿಯ ಸುತ್ತಲಿನ ಆಕಾಶ ಬರೆಯುವುದು ಸುಲಭ. ಕಿಂಡಿಯೊಳಗಿನ ಆಕಾಶ ಹೊರಗಿನ ಆಕಾಶಕ್ಕಿಂತ ಒಂದು ಮಟ್ಟ ಮಬ್ಬಾಗಿರಲಿ, ಅಷ್ಟೇ ಬೆಳ್ಳಗಿಟ್ಟರೆ ಮರದಲ್ಲಿ ದೀಪ ಹಚ್ಚಿದಂತೆ ಕಾಣುತ್ತದೆ. ಕೊನೆಗೆ, ಬಿಸಿಲು ಬಿದ್ದ ಗರಿಗಳನ್ನು ದಪ್ಪ ಬಣ್ಣದಲ್ಲಿ ಆಕಾಶದೊಳಕ್ಕೆ ಎಳೆಯಿರಿ. ತೆಳು ಬಣ್ಣದ ಮೇಲೆ ದಪ್ಪ ಬಣ್ಣ ಕೂರುತ್ತದೆ. ಹಸಿಯಾದ ದಪ್ಪದ ಮೇಲೆ ತೆಳುವು ಕೂರುವುದಿಲ್ಲ, ಜಾರುತ್ತದೆ ಅಥವಾ ಕಲಸಿಹೋಗುತ್ತದೆ. ಒಂದು ಎಳೆತ, ಬ್ರಷ್ ಬಟ್ಟೆಗೆ ಒರೆಸು, ಮತ್ತೆ ಬಣ್ಣ ತೆಗೆದುಕೊ. ಒರೆಸದೆ ಎರಡನೇ ಎಳೆತ ಹಾಕಿದರೆ ಸುಣ್ಣ ಬಂದೇ ಬರುತ್ತದೆ.

ಉತ್ತರ 4

ಮೇಲಿನ ಕ್ರಮ ಆಕಾಶ ಒಂದೇ ಬಣ್ಣವಿದ್ದಾಗ ಸರಿ. ಮೋಡ ಇದ್ದರೆ, ಅಥವಾ ಸಂಜೆಯ ಆಕಾಶದಲ್ಲಿ ಬಣ್ಣ ಮೇಲಿನಿಂದ ಕೆಳಕ್ಕೆ ಬದಲಾಗುತ್ತಿದ್ದರೆ, ಕಿಂಡಿ ಕಿಂಡಿಯಲ್ಲೂ ಅದನ್ನು ಹೊಂದಿಸುವುದು ಕಷ್ಟ. ಆಗ ಆಕಾಶವನ್ನೇ ಮೊದಲು, ಎಣ್ಣೆ ಬೆರೆಸದೆ, ತೆಳ್ಳಗೆ ಉಜ್ಜಿ ಹಾಕಿ. ಗರಿ ಬರುವ ಜಾಗದಲ್ಲಿ ಬಟ್ಟೆಯಿಂದ ಬಣ್ಣ ಒರೆಸಿ ತೆಗೆದು, ಆ ಖಾಲಿಯಲ್ಲಿ ಹಸಿರು ಹಾಕಿ. ತೆಳು ಗರಿತುದಿಗಳಿಗೆ ಪ್ಯಾಲೆಟ್ ನೈಫ್‌ನ ಅಂಚಿಗೆ ಬಣ್ಣ ಹಚ್ಚಿ ಒತ್ತಿ ಎತ್ತಿ, ಎಳೆಯಬೇಡಿ. ನೈಫ್ ಹಸಿ ಬಣ್ಣವನ್ನು ಕಲಕುವುದಿಲ್ಲ. ಬಿಸಿಲು ಹೊಳೆಯುವ ನಡುದಿಂಡಿಗೆ ಬ್ರಷ್‌ನ ಹಿಂತುದಿಯಿಂದ ಗೀರಿದರೆ ಅಡಿಯ ಕೆಂಗಂದು ಇಣುಕುತ್ತದೆ.

ಉದ್ದ ಕೂದಲಿನ ರಿಗ್ಗರ್ ಬ್ರಷ್ ತೆಂಗಿಗೆ ಹೇಳಿಮಾಡಿಸಿದ್ದು ಅನ್ನಿಸುತ್ತದೆ. ಅದಕ್ಕೆ ನೀರಿನಂಥ ಬಣ್ಣ ಬೇಕು, ನೀರಿನಂಥ ಬಣ್ಣ ಹಸಿ ಆಕಾಶದ ಮೇಲೆ ನಿಲ್ಲದು. ಅದನ್ನು ಚಿತ್ರ ಒಣಗಿದ ಮೇಲೆ, ಮನೆಯಲ್ಲಿ ನಾಲ್ಕೈದು ಗೆರೆಗೆ ಇಟ್ಟುಕೊಳ್ಳಿ.

ಉತ್ತರ 5

ಚಿತ್ರ ಕಪ್ಪಾಗುವುದಕ್ಕೆ ಮುಖ್ಯ ಕಾರಣ: ಬೋರ್ಡಿನ ಮೇಲೆ ಬಿಸಿಲು. ಬಿಸಿಲಲ್ಲಿ ಎಲ್ಲ ಬಣ್ಣವೂ ತಿಳಿಯಾಗಿ ಕಂಡು, ಸರಿದೂಗಿಸಲು ಕೈ ತಾನಾಗಿ ಗಾಢ ಬಣ್ಣ ಕಲಸುತ್ತದೆ. ಬೋರ್ಡ್ ಮತ್ತು ಪ್ಯಾಲೆಟ್ ಎರಡೂ ಒಂದೇ ನೆರಳಿನಲ್ಲಿರಬೇಕು. ಒಂದು ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೆ ಇನ್ನೂ ಕೆಟ್ಟದು. ಕೊಡೆ ಬಿಳಿ, ಬೂದು ಅಥವಾ ಕಪ್ಪು ಇರಲಿ, ಬಣ್ಣದ ಕೊಡೆ ತನ್ನ ಬಣ್ಣವನ್ನು ಬೋರ್ಡಿಗೆ ಬೀಳಿಸುತ್ತದೆ. ಕೆಂಪು, ಹಳದಿ ಅಂಗಿಯೂ ಹಾಗೇ. ತಂಪು ಕನ್ನಡಕ ತೆಗೆದಿಡಿ.

ನೆರಳಿಗಾಗಿ ತೆಂಗಿನ ಮರದ ಬುಡದಲ್ಲಿ ಮಾತ್ರ ಕೂರಬೇಡಿ. ಕಾಯಿಯೋ ಒಣಮಟ್ಟೆಯೋ ಬೀಳಲು ಗಾಳಿಯೂ ಬೇಕಿಲ್ಲ. ನೀವು ಬರೆಯುವ ಮರದಿಂದ ಅದರ ಎತ್ತರದ ಎರಡರಿಂದ ಮೂರು ಪಟ್ಟು ದೂರ ನಿಂತರೆ ಕತ್ತೆತ್ತದೆ ಬುಡವೂ ತಲೆಯೂ ಒಟ್ಟಿಗೆ ಕಾಣುತ್ತವೆ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಒಮ್ಮೆ ಕೂತಾಗ ಎರಡು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೊದಲ ಹತ್ತು ನಿಮಿಷದಲ್ಲೇ ಬೆಳಕು ಯಾವ ಕಡೆ, ನೆರಳು ಎಲ್ಲಿಗೆ ಬಿದ್ದಿದೆ ಎಂದು ಗುರುತು ಹಾಕಿ, ಆಮೇಲೆ ನೆರಳು ಓಡಿದರೂ ಅದರ ಹಿಂದೆ ಹೋಗಬೇಡಿ. ಹಿಂಬೆಳಕಿನ ಉರಿಯುವ ಹಸಿರು ಬೇಕಾದರೆ ಸೂರ್ಯ ಕೆಳಗಿರುವ ಬೆಳಗ್ಗೆ ಅಥವಾ ಇಳಿಹೊತ್ತು. ನಡುಮಧ್ಯಾಹ್ನ ಮೇಲ್ಮೈ ಹೊಳಪೇ ಹೆಚ್ಚು, ತಲೆಯ ಅಡಿ ಗಾಢ ನೆರಳು.

ಗಾಳಿಗೆ ಗರಿ ಅಲುಗುತ್ತಿದ್ದರೆ ಒಂದು ಬೀಸಿನ ಆಕಾರವನ್ನು ಹಿಡಿದು ಎಲ್ಲ ಗರಿಗೂ ಅದೇ ದಿಕ್ಕು ಕೊಡಿ. ಈಸಲ್ಲಿನ ಮೂರು ಕಾಲಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕುವುದನ್ನು ಮರೆಯಬೇಡಿ.

ಕೇಳಿದವರ ಮರುಪ್ರಶ್ನೆ

ತುಂಬ ಉಪಯೋಗವಾಯಿತು. ಕಾಂಡದ ಬಗ್ಗೆ ಯಾರೂ ಹೇಳಲಿಲ್ಲ. ನನ್ನದು ಕ್ಯಾರೆಟ್ಟಿನಂತೆ ಮೇಲಕ್ಕೆ ಚೂಪಾಗುತ್ತದೆ. ಅಡಿಕೆ, ತಾಳೆಗೂ ಇದೇ ಕ್ರಮವೇ?

ಉತ್ತರ 6

ತೆಂಗಿನ ಕಾಂಡ ಮಾವು, ಹಲಸಿನಂತೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಬುಡದಲ್ಲಿ ಉಬ್ಬು, ಅಲ್ಲಿಂದ ಮೇಲಕ್ಕೆ ಹೆಚ್ಚುಕಡಿಮೆ ಒಂದೇ ದಪ್ಪ. ದೂರದಿಂದ ಬರೆಯುವಾಗ ಎರಡು ಅಂಚನ್ನೂ ಸಮಾನಾಂತರವಾಗಿ ಎಳೆಯಿರಿ. ವಾಲಿದ ಮರದ ಬಾಗು ಹೆಚ್ಚಾಗಿ ಕೆಳಭಾಗದಲ್ಲಿ, ಮೇಲೆ ಹೋದಂತೆ ಬೆಳಕಿಗೆ ನೆಟ್ಟಗಾಗುತ್ತದೆ. ಗರಿ ಉದುರಿದ ಕಲೆಯ ಬಳೆಗಳು ಕಣ್ಮಟ್ಟಕ್ಕಿಂತ ಮೇಲೆ ಕಮಾನಿನಂತೆ ಮೇಲಕ್ಕೆ ಉಬ್ಬುತ್ತವೆ, ಕಣ್ಮಟ್ಟಕ್ಕಿಂತ ಕೆಳಗೆ ತೊಟ್ಟಿಲಿನಂತೆ ಕೆಳಕ್ಕೆ. ಎಲ್ಲ ಬಳೆ ಬರೆಯಬೇಡಿ, ಬೆಳಕು ನೆರಳಿಗೆ ತಿರುಗುವ ಗಡಿಯಲ್ಲಿ ನಾಲ್ಕೈದು ಸಾಕು. ಬಣ್ಣ ಕಂದಲ್ಲ, ಬೂದು: ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ಬಿಳಿ. ಬಿಸಿಲ ಬದಿಗೆ ಓಕರ್, ನೆರಳಿಗೆ ತುಸು ಅಲಿಜರಿನ್.

ಅಡಿಕೆಯದು ನೆಟ್ಟಗಿನ ಸಣ್ಣ ಕಾಂಡ. ತಲೆಯ ಕೆಳಗೆ ಹಾಳೆಗಳು ಸುತ್ತಿಕೊಂಡ ನಯವಾದ ಹಸಿರು ಕೊಳವೆ ಇರುತ್ತದೆ, ಅದನ್ನು ಬಿಟ್ಟರೆ ಅಡಿಕೆ ಬಡಕಲು ತೆಂಗಿನಂತೆ ಕಾಣುತ್ತದೆ. ತಾಳೆಯದು ಬೀಸಣಿಗೆ ಎಲೆ, ಒಟ್ಟು ಆಕಾರ ಚೆಂಡು. ಅದನ್ನು ಗೋಲದಂತೆ ಬೆಳಕು, ನೆರಳು ಮಾಡಿ ಅಂಚಿನಲ್ಲಿ ಮಾತ್ರ ಚೂಪು ತೋರಿಸಿ. ಈಚಲಿನ ಎಲೆ ಬಿರುಸು, ಬೂದು ಬೆರೆತ ಹಸಿರು, ಇಳಿಬೀಳದೆ ಮುಳ್ಳಿನಂತೆ ನಿಂತಿರುತ್ತದೆ, ಆದ್ದರಿಂದ ಉತ್ತರ 1ರಲ್ಲಿ ಹೇಳಿದ ನಯವಾದ ಮೇಲಂಚು ಅದಕ್ಕೆ ಹೊಂದುವುದಿಲ್ಲ.

ಉತ್ತರ 7

ಮುಗಿಸಿ ಹೊರಡುವಾಗ ಎರಡು ವಿಷಯ. ಹಸಿ ಬೋರ್ಡುಗಳನ್ನು ಎದುರುಬದುರು ಇಟ್ಟು ನಾಲ್ಕು ಮೂಲೆಯಲ್ಲೂ ಬಾಟಲಿ ಬಿರಡೆಯ ಚೂರಿಟ್ಟು ರಬ್ಬರ್ ಬ್ಯಾಂಡ್ ಬಿಗಿಯಿರಿ. ಅಂಟಿದ ಮರಳು, ಹುಳವನ್ನು ಆಗಲೇ ಕೀಳಬೇಡಿ, ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಉದುರುತ್ತದೆ.

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಚೀಲದಲ್ಲೋ ಕಾರಿನಲ್ಲೋ ಬಿಡಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಬಳಸಿದ ಟರ್ಪೆಂಟೈನನ್ನು ಚರಂಡಿಗೆ ಸುರಿಯದೆ ಬಾಟಲಿಯಲ್ಲಿ ನಿಲ್ಲಿಸಿ. ಗಸಿ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಂಡು ಮುಂದಿನ ಸಲ ಬ್ರಷ್ ತೊಳೆಯಲು ಬಳಸಬಹುದು.