ಸೌಲನ ಮಗನಿಗೆ ಎರಡು ಹೆಸರು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಒಂದು ಗೊಂದಲ ಬಂತು. 2 ಸಮುವೇಲ 2:8ರಲ್ಲಿ ಇಸ್ರಾಯೇಲಿನ ಮೊದಲ ಅರಸ ಸೌಲನ ಮಗನ ಹೆಸರು ಈಷ್ಬೋಶೆತ್. 1 ಪೂರ್ವಕಾಲವೃತ್ತಾಂತ 8:33ರ ವಂಶಾವಳಿಯಲ್ಲಿ ಆ ಹೆಸರೇ ಇಲ್ಲ, ಎಷ್ಬಾಳ ಅಂತಿದೆ. ಇಬ್ಬರೂ ಒಬ್ಬನೇನಾ?

ಉತ್ತರ (ಹೀಬ್ರೂ ಅಧ್ಯಾಪಕ): ಒಬ್ಬನೇ. ಎಷ್ಬಾಳ ಅನ್ನೋದೇ ಮೊದಲಿನ ಹೆಸರು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ, ನನ್ನ ಅಭಿಪ್ರಾಯವೂ ಅದೇ. ಅರ್ಥ 'ಬಾಳನ ಮನುಷ್ಯ'. ಬಾಳ ಅಂದರೆ ಕಾನಾನ್ಯರು ಪೂಜಿಸುತ್ತಿದ್ದ ದೇವರು. ಮುಂದೆ ಬಾಳನ ಹೆಸರು ಎತ್ತುವುದೇ ಬೇಡ ಅನ್ನಿಸಿದವರು ಆ ಜಾಗದಲ್ಲಿ 'ಬೋಶೆತ್' ಬರೆದರು. ಬೋಶೆತ್ ಅಂದರೆ ನಾಚಿಕೆ. ಯೋನಾತಾನನ ಮಗ ಮೆಫೀಬೋಶೆತ್ ಕೂಡ ವಂಶಾವಳಿಯಲ್ಲಿ ಮೆರೀಬ್ಬಾಳ. ಗಿದ್ಯೋನನಿಗೆ ಇದ್ದ ಯೆರುಬ್ಬಾಳ ಎಂಬ ಹೆಸರು 2 ಸಮುವೇಲ 11:21ರಲ್ಲಿ ಯೆರುಬ್ಬೆಷೆತ್ ಆಗಿದೆ. ಬೋಶೆತ್ ಪದಕ್ಕೆ ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ 'ಬಾಷ್ತು', ಅಂದರೆ ಘನತೆ, ಮೂಲ ಎಂದು ವಾದಿಸುವವರೂ ಇದ್ದಾರೆ. ಇಷ್ಟು ಜೋಡಿಗಳನ್ನು ನೋಡಿದ ಮೇಲೆ ನನಗಂತೂ ಅದು ಒಪ್ಪಿಗೆಯಾಗಿಲ್ಲ.

ಪೂರ್ವಕಾಲವೃತ್ತಾಂತ ಸಮುವೇಲನ ಪುಸ್ತಕಕ್ಕಿಂತ ಆಮೇಲೆ ಬರೆದದ್ದು. ಆದರೂ ನಾವು ಬೇಸರಪಟ್ಟು ಹಾರಿಸಿಬಿಡುವ ಆ ಪಟ್ಟಿಗಳಲ್ಲೇ ಹಳೆಯ ಹೆಸರು ಉಳಿದಿದೆ. ದಯವಿಟ್ಟು ಅವನ್ನು ಬಿಡಬೇಡಿ!

ಪ್ರಶ್ನೆ: ಹಾಗಾದರೆ ಸೌಲ ಬಾಳನನ್ನು ಪೂಜಿಸುತ್ತಿದ್ದನಾ ಸರ್?

ಉತ್ತರ: ಸುಮ್ನೆ ಹೆಸರೊಂದನ್ನು ನೋಡಿ ಹಾಗೆ ಹೇಳೋಕಾಗಲ್ಲ. 'ಬಾಳ್' ಅಂದರೆ ಒಡೆಯ, ಗಂಡ ಎಂಬ ಅರ್ಥವೂ ಇದೆ. ಯೆಹೋವನನ್ನೇ ಜನ ಹಾಗೆ ಕರೆಯುತ್ತಿದ್ದರು ಅನ್ನೋದು ಹೋಶೇಯ 2:16ರಿಂದ ಗೊತ್ತಾಗುತ್ತದೆ. ಇನ್ನು ಮುಂದೆ ನನ್ನನ್ನು ಬಾಳ್ ಎಂದು ಕರೆಯುವುದಿಲ್ಲ ಅಂತ ದೇವರು ಅಲ್ಲಿ ಹೇಳುತ್ತಾನೆ. ಇನ್ನೂ ಒಳ್ಳೆಯ ಸಾಕ್ಷಿ 1 ಪೂರ್ವಕಾಲವೃತ್ತಾಂತ 12:5ರಲ್ಲಿದೆ. ದಾವೀದನ ಕಡೆ ಸೇರಿದ ಒಬ್ಬ ಬೆನ್ಯಾಮೀನ್ಯನ ಹೆಸರು ಬೆಯಲ್ಯ, ಅಂದರೆ 'ಯೆಹೋವನೇ ಒಡೆಯ'. ಬಾಳ್, ಯೆಹೋವ ಎರಡೂ ಒಂದೇ ಹೆಸರಲ್ಲಿವೆ, ಅಲ್ವಾ? ಸೌಲ ಇನ್ನೊಬ್ಬ ಮಗನಿಗೆ ಯೋನಾತಾನ ಅಂತ ಇಟ್ಟ. ಅದರ ಅರ್ಥ 'ಯೆಹೋವನು ಕೊಟ್ಟನು'. ದಾವೀದನ ಮಗನೊಬ್ಬನಿಗೂ ಬೆಲ್ಯಾದ ಎಂಬ ಹೆಸರಿತ್ತು. 2 ಸಮುವೇಲ 5:16 ಅವನನ್ನು ಎಲ್ಯಾದ ಅನ್ನುತ್ತದೆ, ಅಂದರೆ ಬಾಳ್ ಜಾಗದಲ್ಲಿ 'ಏಲ್' (ದೇವರು) ಬಂದಿದೆ.

ಇನ್ನೊಬ್ಬ ಸದಸ್ಯೆ: ಬೈಬಲಿನ ಹೊರಗೆ ಈ ಹೆಸರು ಎಲ್ಲಾದರೂ ಸಿಕ್ಕಿದೆಯಾ ಸರ್?

ಉತ್ತರ: ಸಿಕ್ಕಿದೆ ಮೇಡಂ. ಇಸ್ರೇಲಿನ ಏಲಾ ಕಣಿವೆಯ ಪಕ್ಕದ ಖಿರ್ಬೆತ್ ಕೆಯಾಫಾ ಎಂಬ ಹಳೆಯ ಊರಿನ ಅವಶೇಷದಲ್ಲಿ 2012ರಲ್ಲಿ ಒಂದು ಜಾಡಿಯ ಚೂರುಗಳು ಸಿಕ್ಕವು. ಜೋಡಿಸಿದಾಗ 'ಎಷ್ಬಾಳ, ಬೇದಾನ ಮಗ' ಎಂಬ ಬರಹ ಕಂಡಿತು. 2015ರಲ್ಲಿ ಪ್ರಕಟವಾಯಿತು. ಸುಮಾರು 3000 ವರ್ಷ ಹಳೆಯದು, ಹೆಚ್ಚುಕಡಿಮೆ ಸೌಲ–ದಾವೀದರ ಕಾಲ. ತಂದೆಯ ಹೆಸರು ಬೇರೆ, ಹಾಗಾಗಿ ಇವನು ಸೌಲನ ಮಗನಲ್ಲ. ಆದರೆ ಆ ಕಾಲದಲ್ಲಿ ಜನ ಈ ಹೆಸರು ಇಡುತ್ತಿದ್ದರು ಅನ್ನೋದು ಖಚಿತವಾಯಿತು.

ಉತ್ತರದ ಸಮಾರ್ಯದಲ್ಲಿ 1910ರಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೂ ಬಾಳ್ ಸೇರಿದ ಹೆಸರುಗಳಿವೆ. ಅವು ಕ್ರಿಸ್ತಪೂರ್ವ 8ನೇ ಶತಮಾನದವು. ಆದರೆ ದಕ್ಷಿಣದ ಯೆಹೂದ ರಾಜ್ಯದ ಕೊನೆಯ ದಿನಗಳಲ್ಲಿ ಮಡಕೆ ಚೂರುಗಳ ಮೇಲೆ ಬರೆದ ಲಾಕೀಷ್ ಪತ್ರಗಳಲ್ಲಿ, ಯೆಹೋವನ ಹೆಸರಿನ ಕಿರಿದಾದ ರೂಪವಾದ 'ಯಾಹು' ಎಂದು ಮುಗಿಯುವ ಹೆಸರುಗಳೇ ಜಾಸ್ತಿ. ಯೆರೆಮೀಯ, ಯೆಶಾಯ ಅಂತ ಕನ್ನಡದಲ್ಲಿ ಓದುತ್ತೇವಲ್ಲ, ಆ ಕೊನೆಯ 'ಯ' ಇದೇ 'ಯಾಹು'.